ಘಳಿಗೆ ಮುರಿದ ಹಸಿರು ಸೀರೆ

ಕೋವಿಡ್ ಮುಗಿದು ಮದುವೆ-ಮುಂಜಿಗಳು ಮತ್ತೆ ಜೋರಾದ ವರ್ಷ. ಬನಹಟ್ಟಿಯ ಒಂದು ಸೀರೆ ಅಂಗಡಿಯಲ್ಲಿ ನಾನು ರಿಟರ್ನ್ ಕೌಂಟರ್ ನೋಡಿಕೊಳ್ಳುತ್ತಿದ್ದೆ. ವಾಪಸ್ ಬಂದ ಸೀರೆಯನ್ನು ಮೊದಲು ಮೂಗಿಗೆ ಹಿಡಿಯುವುದು ನನ್ನ ಪದ್ಧತಿ. ಮದುವೆಯಲ್ಲಿ ಉಟ್ಟು ಮೆರೆದು, ಮರುದಿನ ‘ಬಣ್ಣ ಮನಸ್ಸಿಗೆ ಬರಲಿಲ್ಲ’ ಎಂದು ತರುವವರನ್ನು ಸೆರಗಿನ ಸೆಂಟಿನ ವಾಸನೆಯೇ ಹಿಡಿದುಕೊಡುತ್ತಿತ್ತು. ನನ್ನ ತಲೆಯ ಮೇಲೊಂದು ಬೋರ್ಡು: ‘ಘಳಿಗೆ ಮುರಿದ ಸೀರೆ ವಾಪಸ್ ಇಲ್ಲ’. ಘಳಿಗೆ ಎಂದರೆ ಹೊಸ ಸೀರೆಯ ಮಡಿಕೆ. ಅದನ್ನು ಬಿಚ್ಚಿದಿರೋ, ಸೀರೆ ನಿಮ್ಮದೇ. ಆ ಬೋರ್ಡು ಬರೆಸಿದವನು ನಾನೇ. ಅದರ ಬಗ್ಗೆ ಜಂಬವೂ ಇತ್ತು.

ಒಂದು ಮಧ್ಯಾಹ್ನ ಬೀಳಗಿ ಕಡೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಮಾಳವ್ವ ಎಂಬ ಹೆಣ್ಣುಮಗಳು ಬಂದಳು. ಏಳು ತಿಂಗಳ ಬಸುರಿ. ಹಸಿರು ಸೀರೆಯೊಂದನ್ನು ನನ್ನ ಮುಂದೆ ಹರವಿದಳು. ನಡುವೆ ಗೇಣಗಲ ತೂತು.

“ಘಳಿಗಿ ಮುರದೈತ್ರಿ. ಸುಳ್ಳ ಹೇಳೂದಿಲ್ಲ,” ಎಂದಳು.

ನಾನು ತಲೆಯನ್ನೂ ಎತ್ತದೆ ಬೋರ್ಡು ತೋರಿಸಿ, “ಓದಾಕ ಬರ್ತೈತಿಲ್ಲವಾ?” ಎಂದೆ.

“ಬರ್ತೈತ್ರಿ. ಘಳಿಗಿ ಮುರೀಲಾರದ ಒಳಗಿನ ತೂತ ಹ್ಯಾಂಗ ಕಾಣಬೇಕ್ರಿ?”

ಇಷ್ಟು ವರ್ಷ ಕೌಂಟರಿನಲ್ಲಿ ಕೂತರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಸ್ಟೂಲ್ ಹಾಕಿ ಕೂಡಿಸಿದೆ.

ಅದು ಅವಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ಕೊಂಡ ಸೀರೆ. ನಮ್ಮ ಕಡೆ ಹೊಸ ಸೀರೆಯನ್ನು ತಾವು ಉಡುವ ಮೊದಲು ಬೇಕಾದವರೊಬ್ಬರ ಮೈಮೇಲೆ ಹಾಕಿ ಘಳಿಗೆ ಮುರಿಸುತ್ತಾರೆ. ಮಾಳವ್ವ ಅತ್ತೆಯ ಕೈಗೆ ಕೊಟ್ಟಿದ್ದಳು. ಅತ್ತೆ ಗಂಡನನ್ನು ಕಳೆದುಕೊಂಡವಳು. ಬಂಧುಗಳು ಆಗಲೇ ಮೂಗು ಮುರಿದಿದ್ದರು. ಅತ್ತೆ ಸೀರೆ ಹೊದ್ದು ಅಂಗಳಕ್ಕೆ ಬಂದಾಗ ತೂತು ಎಲ್ಲರಿಗೂ ಕಂಡಿತು. ‘ಅದಕ್ಕ ಆಕಿ ಕೈಲೆ ಮುರಸಬಾರದಿತ್ತು, ಹೊಟ್ಟ್ಯಾಗಿನ ಕೂಸಿಗೆ ಛಲೋ ಅಲ್ಲ’ ಎಂದರಂತೆ. ಮುದುಕಿ ಅದನ್ನೇ ನಂಬಿ, ಕುಬಸಕ್ಕೆ ಬರುವುದಿಲ್ಲವೆಂದು ಕುರಿಹಟ್ಟಿಯಲ್ಲಿ ಕೂತುಬಿಟ್ಟಿದ್ದಳು.

“ನನಗ ಬ್ಯಾರೆ ಸೀರಿ ಕೊಡದಿದ್ರೂ ನಡೀತೈತ್ರಿ. ಇದು ಮಗ್ಗದಾಗ ಆಗಿದ್ದೋ, ನಮ್ಮತ್ತಿ ಕೈಯಾಗ ಆಗಿದ್ದೋ, ಅಷ್ಟ ಹೇಳ್ರಿ.”

ನಾನು ನೇಕಾರರ ಮಗ. ಭೂತಗನ್ನಡಿ ಹಿಡಿದೆ. ಎಲ್ಲಾದರೂ ಸಿಕ್ಕು ಹರಿದಿದ್ದರೆ ನೂಲು ಜಗ್ಗಿ ಮುದುಡಿರುತ್ತದೆ. ಇಲ್ಲಿ ಉದ್ದದ ಎಳೆಗಳೆಲ್ಲ ನೆಟ್ಟಗಿದ್ದವು. ಅಡ್ಡ ಎಳೆಗಳೇ ಇರಲಿಲ್ಲ. ಲಾಳಿಯ ನೂಲು ತೀರಿದ್ದು ಗೊತ್ತಾಗದೆ ಮಗ್ಗ ಖಾಲಿ ಓಡಿತ್ತು. ಅವಳ ಮೊಬೈಲಿನಿಂದಲೇ ಅತ್ತೆಗೆ ಫೋನ್ ಹಚ್ಚಿಸಿದೆ.

“ಯವ್ವಾ, ಇದು ಮಗ್ಗದಾಗ ಆಗಿದ್ದು. ನೋಡದ ಮಾರಿದ ತಪ್ಪು ನಮ್ದು. ನಿಂದೇನೂ ಇಲ್ಲ.”

“ಖರೇನಪಾ?” ಎಂಬ ದನಿ ಆ ಕಡೆಯಿಂದ ಬಂತು. ಮಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಥದೇ ಇನ್ನೊಂದು ಸೀರೆ ತರಿಸಿ, ಈ ಸಲ ಪೂರ್ತಿ ನೋಡಿಯೇ ಕೊಡೋಣವೆಂದು ಬಿಚ್ಚಲು ಹೋದೆ. ಅವಳು ಅದರ ಮೇಲೆ ಕೈಯಿಟ್ಟಳು.

“ಬಿಚ್ಚಬ್ಯಾಡ್ರಿ. ಘಳಿಗಿ ನಮ್ಮತ್ತಿನ ಮುರೀಬೇಕು.”

“ಮತ್ತ ತೂತ ಇದ್ರ?”

“ಮತ್ತ ಬರ್ತೇನ್ರಿ. ಬಸ್ ಅದಾವಲ್ಲ.”

ಅವಳು ಹೋದ ಮೇಲೆ ಬೋರ್ಡು ಇಳಿಸಿದೆ. ಮಾಲು ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮಡಿಕೆ ಹಾಕಿಸುವ ಪದ್ಧತಿ ಶುರುವಾಯಿತು. ನಿವೃತ್ತನಾಗುವವರೆಗೂ ವಾಪಸ್ ತಂದವರಿಗೆ ಮೊದಲು ಸ್ಟೂಲ್ ಕೊಟ್ಟು, “ಏನಾತ್ರಿ?” ಎಂದು ಕೇಳಿದೆ, ಸೀರೆ ಮುಟ್ಟಿದ್ದು ಆಮೇಲೆ. ಇದನ್ನು ನನಗೆ ಕಲಿಸಿದವಳು ಮಾಳವ್ವ. ಅವಳ ಋಣ ನನ್ನ ಮೇಲಿದೆ.

ಆದರೆ ಅವಳು ಹೋದ ಮೇಲಿನ ಒಂದು ವಾರ ಅಂಗಡಿಯ ಫೋನ್ ಬಂದಾಗಲೆಲ್ಲ ನಾನೇ ಓಡಿಹೋಗಿ ಎತ್ತುತ್ತಿದ್ದೆ. ಎರಡನೆಯ ಸೀರೆಯಲ್ಲೂ ಐಬಿದ್ದರೆ ಆ ಮುದುಕಿಯ ಗತಿ? ಕೊನೆಗೆ ಮುದುಕಿಯೇ ಫೋನ್ ಮಾಡಿದಳು.

“ಘಳಿಗಿ ನಾನ ಮುರದೀನಪಾ. ಬಿಸಲಾಗ ಹಿಡದ ಎಲ್ಲಾರಿಗೂ ತೋರಿಸೀನಿ, ಎಲ್ಲೂ ತೂತಿಲ್ಲ. ಸೊಸಿಗೆ ಮೊದಲನೇ ಆರತಿನೂ ನಾನ ಮಾಡೀನಿ.”