ಅಂಗಡಿಯಲ್ಲಿ ಓಡಿದ್ದು, ಮನೆಯಲ್ಲಿ ನಿಂತಿದ್ದು

ನಾರಾಯಣಪೇಟೆ ಹೊಸದಾಗಿ ಜಿಲ್ಲೆಯಾದಾಗ ನಾನು ಮಕ್ತಲ್‌ನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೆ. ನಾರಾಯಣಪೇಟೆಯ ಶರಣಮ್ಮನವರು ಸೀರೆ ಅಂಚಿನ ಡಿಸೈನ್ ಬರೆಯುವವರು. ಅವರ ಲ್ಯಾಪ್‌ಟಾಪಿಗೆ ಫೈಲುಗಳನ್ನು ಉಳಿಸಿಡುವ ಹೊಸ ಎಸ್‌ಎಸ್‌ಡಿ ಡ್ರೈವ್ ಹಾಕಿಕೊಟ್ಟ ವಾರಕ್ಕೇ ತಿರುಗಿ ಬಂದರು.

“ಹಳೇದೇ ಪಾಡ ಇತ್ತರಿ. ಇದು ಒಂದು ಫೈಲ್ ಸೇವ್ ಮಾಡಾಕ ಚಾ ಕುಡಿಯೋತನಕ ಕುಂದರಸ್ತೈತಿ.”

ಅವರ ಮುಂದೆಯೇ ಸ್ಪೀಡ್ ಟೆಸ್ಟ್ ಮಾಡಿದೆ. ಕುದುರೆಯಂತೆ ಓಡಿತು. ಮುಂದಿನ ವಾರ ಮತ್ತೆ ತಂದರು, ಮತ್ತೆ ಓಡಿತು. ಮೂರನೇ ಸಲ ಫೋನಿನಲ್ಲಿ ದನಿ ಏರಿಸಿದರು: “ಗದ್ವಾಲದಾಗ ಮಗ್ಗ ಖಾಲಿ ನಿಂತೈತಿ. ಇವತ್ತು ಡಿಸೈನ್ ಹೋಗಲಿಲ್ಲಂದ್ರ ಆ ನೇಕಾರ ಬ್ಯಾರೇದವ್ರ ಕೆಲಸ ಹಿಡೀತಾನ!”

ಅಂಗಡಿ ಮುಚ್ಚಿ ಬಸ್ ಹತ್ತಿದೆ. ಅವರ ಮನೆಯಲ್ಲಿ ಟೆಸ್ಟ್ ಹಚ್ಚಿದರೆ, ಮೊದಲೆರಡು ನಿಮಿಷ ಓಡಿದ ಸ್ಪೀಡ್ ದಢಕ್ಕನೆ ಬಿತ್ತು. ಲ್ಯಾಪ್‌ಟಾಪಿನ ತಳಕ್ಕೆ ಕೈ ಹಾಕಿದೆ. ರೊಟ್ಟಿ ಹಂಚು ಮುಟ್ಟಿದಂತಾಯಿತು. ಲ್ಯಾಪ್‌ಟಾಪ್ ನಾಲ್ಕು ಮಡಿಕೆಯ ಕುರಿ ಕಂಬಳಿ ಮೇಲೆ ಕೂತಿತ್ತು. ಗಾಳಿ ಆಡದೆ ಕಾದು, ಎಸ್‌ಎಸ್‌ಡಿ ತಾನೇ ವೇಗ ಇಳಿಸಿಕೊಂಡಿತ್ತು.

“ಕಂಬಳಿ ಯಾಕ ಹಾಸೀರಿ ಅಮ್ಮಾ?” ಎಂದು ಕೂಗಿಯೇಬಿಟ್ಟೆ.

“ನೀವೇ ಹೇಳಿದ್ರಲ್ಲಾ, ಹೊಸದೈತಿ, ಜ್ವಾಪಾನ ಇಟ್ಕೋರಿ ಅಂತ!”

ಕಂಬಳಿ ತೆಗೆದು ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟೆ. ತಣ್ಣಗಾದ ಮೇಲೆ ಸ್ಪೀಡ್ ಇಳಿಯಲೇ ಇಲ್ಲ. ಸಂಜೆಯೊಳಗೆ ಡಿಸೈನ್ ಗದ್ವಾಲಕ್ಕೆ ಹೋಯಿತು. ಮಗ್ಗಕ್ಕೆ ಕೂತೆನೆಂದು ನೇಕಾರನ ಫೋನೂ ಬಂತು.

ಈಗ ಗಿರಾಕಿಗಳ ಮುಂದೆ ಜ್ವಾಪಾನ ಎಂಬ ಮಾತನ್ನೇ ನಾನು ಎತ್ತುವುದಿಲ್ಲ. “ಬಡದ್ರೂ ಪರವಾಗಿಲ್ರಿ, ಮುದ್ದು ಮಾತ್ರ ಮಾಡಬ್ಯಾಡ್ರಿ” ಅನ್ನುತ್ತೇನೆ.