ಯಂತ್ರದ ಕಣ್ಣಿಗೆ ವಿಭೂತಿ

ನಾನು ಓದಿದ್ದು ಐದನೆಯ ತರಗತಿವರೆಗೆ. ಕೃತಕ ಬುದ್ಧಿಯ ಬಗ್ಗೆ ಬರೆಯುವ ಯೋಗ್ಯತೆ ನಿನಗಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಸಂಡೂರು ಸೀಮೆಯಲ್ಲಿ ಅದನ್ನು ಮೊಟ್ಟಮೊದಲು ಕುರುಡು ಮಾಡಿದವಳು ನಾನೇ ಇರಬೇಕು. ಅದರ ಶಿಕ್ಷೆ ನನ್ನ ತಮ್ಮನಿಗಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅವು ಅದಿರಿಗೆ ಬಂಗಾರದ ಬೆಲೆ ಬಂದ ವರ್ಷಗಳು. ನಮ್ಮೂರು ವಡ್ಡಿನಿಂದ ಹೊಸಪೇಟೆಯವರೆಗೆ ರಸ್ತೆಯೂ ಕೆಂಪು, ಬೇವಿನ ಮರವೂ ಕೆಂಪು, ಮದುವೆಗೆ ಹೊರಟವರ ಬಿಳಿ ಪಂಚೆಯೂ ಕೆಂಪು. ಅನ್ನದ ಮೇಲೆ ಕೂತ ಧೂಳನ್ನು ಊದಿ ಉಣ್ಣುತ್ತಿದ್ದೆವು. ಧೂಳು ಹೆಚ್ಚಾದಷ್ಟೂ ಊರು ಮುಂದುವರಿಯುತ್ತಿದೆ ಎಂದು ತಿಳಿದವರು ಹೇಳುತ್ತಿದ್ದರು, ನಾವು ಕೆಮ್ಮುತ್ತ ಹೌದೆನ್ನುತ್ತಿದ್ದೆವು. ನಿನ್ನೆ ಲಾರಿ ತೊಳೆಯುತ್ತಿದ್ದವನು ಇವತ್ತು ಲಾರಿ ಮಾಲೀಕ. ಎಲ್ಲದಕ್ಕೂ ಕಾರಣ ನಮ್ಮ ಅದಿರು ಕೊಳ್ಳುತ್ತಿದ್ದ ಚೀನಾ. ಮನೆ ಬಾಡಿಗೆ ಏರಿದರೂ ಚೀನಾ, ಬದನೆಕಾಯಿ ಬೆಲೆ ಏರಿದರೂ ಚೀನಾ.

ಊರ ಹೊರಗಿನ ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿ ನಾನು ಕಸ ಗುಡಿಸುವ ಕೆಲಸಕ್ಕಿದ್ದೆ. ಅದಿರು, ಕಲ್ಲಿದ್ದಲು ಎರಡನ್ನೂ ಕೂಡಿಸಿ, ಅಡ್ಡ ಮಲಗಿಸಿದ ದೊಡ್ಡ ಕೊಳವೆಯಂಥ ಕುಲುಮೆಯಲ್ಲಿ ಉರುಳಿಸುತ್ತ ಕಾಯಿಸಿ ಕಬ್ಬಿಣ ಮಾಡುತ್ತಿದ್ದರು. ಆ ಕುಲುಮೆ ಹಬ್ಬವಿರಲಿ ಸಾವಿರಲಿ ತಿರುಗುತ್ತಲೇ ಇರಬೇಕು. ಕಾವು ಕಡಿಮೆಯಾದರೆ ಅದಿರು ಅದಿರಾಗಿಯೇ ಹೊರಗೆ ಬರುತ್ತದೆ. ಹೆಚ್ಚಾದರೆ ಕರಗಿ ಒಳಗೋಡೆಗೆ ಅಂಟಿಕೊಳ್ಳುತ್ತದೆ.

ಅವ್ವ ತೀರಿದ ಮೇಲೆ ತಮ್ಮನನ್ನು ಬೆಳೆಸಿದವಳು ನಾನು. ನಾನು ಶಾಲೆ ಬಿಟ್ಟೆ, ಅವನು ದಿನಾ ಬಸ್ಸಿಗೆ ಹೋಗಿ ಹೊಸಪೇಟೆಯಲ್ಲಿ ಐಟಿಐ ಮುಗಿಸಿದ. ಮ್ಯಾನೇಜರರ ಹಿಂದೆ ಬಿದ್ದು ಅವನನ್ನು ಅದೇ ಫ್ಯಾಕ್ಟರಿಗೆ ಸೇರಿಸಿದವಳೂ ನಾನೇ. ಈ ಮಾತನ್ನು ಆಗ ದಿನಕ್ಕೊಮ್ಮೆಯಾದರೂ ಯಾರ ಮುಂದಾದರೂ ಹೇಳುತ್ತಿದ್ದೆ. ದೀಪಾವಳಿ ಕಳೆದರೆ ಅವನ ಕೆಲಸ ಕಾಯಂ ಆಗುವುದಿತ್ತು.

ಆ ಹೊತ್ತಿಗೆ ಕಂಪ್ಯೂಟರ್ ಬಂತು. ಕಂಪ್ಯೂಟರ್ ಮೊದಲೂ ಇತ್ತು, ಸಂಬಳದ ಚೀಟಿ ಬರೆಯಲು. ಇದು ಬೇರೆ ಜಾತಿಯದು. ಇದನ್ನು ತಂದ ಕಂಪನಿಯ ಇಂಜಿನಿಯರ್ ನಮ್ಮೆಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದರು. ಕುಲುಮೆಯ ಹಳೆಯ ಅಂಕಿಗಳನ್ನೆಲ್ಲ ಇದಕ್ಕೆ ಉಣಿಸಿದ್ದಾರಂತೆ, ಅದನ್ನು ಅರಗಿಸಿಕೊಂಡು ಇದು ತಾನೇ ಕಲಿತಿದೆಯಂತೆ, ಇನ್ನರ್ಧ ಗಂಟೆಗೆ ಕುಲುಮೆ ಏನಾಗುತ್ತದೆ ಎಂದು ಈಗಲೇ ಹೇಳುತ್ತದಂತೆ. ಕುಲುಮೆಯ ಎದುರಿನ ಅಟ್ಟಣಿಗೆಯ ಮೇಲೆ, ಗಾಜಿನ ಕಣ್ಣಿದ್ದ ಒಂದು ಡಬ್ಬಿ ಕೂರಿಸಿದ್ದರು. ದೂರದಿಂದಲೇ ಕುಲುಮೆಯ ಮೈಕಾವು ನೋಡುವ ಕಣ್ಣು ಅದು. ಅದಿಲ್ಲದಿದ್ದರೆ ಕಂಪ್ಯೂಟರ್ ಕುರುಡು ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಕಂಪ್ಯೂಟರಿಗೊಂದು ಎಸಿ ಕೋಣೆ ಕಟ್ಟಿಸಿದರು. ಕುಲುಮೆ ಮುಂದೆ ಬೆವರು ಸುರಿಸುವವರಿಗೆ ಒಂದು ಫ್ಯಾನ್ ಕೇಳಿದರೆ ಬರುವ ವರ್ಷ ನೋಡೋಣ ಎನ್ನುತ್ತಿದ್ದವರು, ಅದಕ್ಕೆ ಶೆಕೆಯಾಗಬಾರದೆಂದು ಎರಡು ಎಸಿ ಹಾಕಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಗೋಡೆಗೊಂದು ಬೋರ್ಡು: ಕಂಪ್ಯೂಟರ್ ಹೇಳಿದಂತೆ ನಡೆಯಿರಿ, ಸ್ವಂತ ಬುದ್ಧಿ ಬಳಸಬೇಡಿ. ನಮ್ಮಲ್ಲಿ ಹಲವರು ಈ ನಿಯಮವನ್ನು ಮೊದಲಿನಿಂದಲೂ ಪಾಲಿಸುತ್ತಿದ್ದೆವು, ಬೋರ್ಡು ಮಾತ್ರ ಇರಲಿಲ್ಲ. ಕೂಲಿಯವರು ಅದಕ್ಕೆ ಜೋಯಿಸ ಎಂದು ಹೆಸರಿಟ್ಟರು. “ಜೋಯಿಸರು ಇವತ್ತು ಏನಂತಾರಪಾ?” ಎಂದು ತಮ್ಮನನ್ನು ಕಾಡುತ್ತಿದ್ದರು.

ಅದರ ಮುಂದೆ ಕೂರುವ ಕೆಲಸ ತಮ್ಮನಿಗೆ ಸಿಕ್ಕಿತ್ತು. ಇಷ್ಟು ಕಲ್ಲಿದ್ದಲು ಹಾಕು ಎಂದು ಪರದೆಯ ಮೇಲೆ ಬರುತ್ತದೆ, ಇವನು ಪಕ್ಕದ ಗುಂಡಿ ತಿರುವಿ ಅಷ್ಟು ಹಾಕಬೇಕು. ಅವನು ಆ ಯಂತ್ರವನ್ನು ಎಷ್ಟು ನಂಬಿದ್ದನೆಂದರೆ ಕಿಟಕಿಯಾಚೆ ನೋಡುವುದನ್ನೇ ಬಿಟ್ಟಿದ್ದ. ಒಮ್ಮೆ ನಾನು ನೆಲ ಒರೆಸುವಾಗ ನಾಲ್ಕು ಜನರೆದುರು, “ಅಕ್ಕಾ, ವೈರ್ ಮುಟ್ಟಬ್ಯಾಡ, ನಿನಗ ತಿಳಿಯಂಗಿಲ್ಲ,” ಎಂದ. ತಪ್ಪೇನೂ ಹೇಳಿರಲಿಲ್ಲ. ಆದರೂ ನನಗೆ ಚುಚ್ಚಿತು. ಇದನ್ನೂ ಮುಚ್ಚಿಡುವುದಿಲ್ಲ.

ಆಯುಧಪೂಜೆ ಬಂತು. ಫ್ಯಾಕ್ಟರಿಯಲ್ಲಿ ಪೂಜೆಯ ಅಲಂಕಾರವೆಲ್ಲ ನನ್ನ ಪಾಲಿಗೆ. ಮೋಟರಿನಿಂದ ಹಿಡಿದು ನನ್ನ ಪೊರಕೆಯವರೆಗೆ ವಿಭೂತಿ, ಕುಂಕುಮ, ಚೆಂಡುಹೂವು. ಕಂಪ್ಯೂಟರಿಗೆ ಕುಂಕುಮ ಹಚ್ಚಬೇಡಿ ಎಂದು ಇಂಜಿನಿಯರ್ ಮೊದಲೇ ಹೇಳಿದ್ದರು. ಮ್ಯಾನೇಜರರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಪ್ಲಾಸ್ಟಿಕ್ಕಿಗೆ ಹಚ್ಚಿಸಿ, ಮಂಗಳಾರತಿ ಎತ್ತಿಸಿ, ಕುಲುಮೆ ಮುಂದೆ ಬೂದುಗುಂಬಳಕಾಯಿ ಒಡೆಸಿದರು. ಊಟ ಮುಗಿಸಿ ಇಂಜಿನಿಯರರಿಗೆ ಹಂಪಿ ತೋರಿಸಲು ಕಾರಿನಲ್ಲಿ ಕರೆದುಕೊಂಡು ಹೋದರು. ಮುಂದಾಗುವುದನ್ನು ಹೇಳುವ ಯಂತ್ರ ತಂದವರು ಹಾಳಾದದ್ದನ್ನು ನೋಡಲು ಹೋದರು.

ನನ್ನ ತಾಟಿನಲ್ಲಿ ವಿಭೂತಿ ಉಳಿದಿತ್ತು. ಕಂಪ್ಯೂಟರಿಗೆ ಅಷ್ಟೆಲ್ಲ ಮಾಡಿ ಅದರ ಕಣ್ಣನ್ನೇ ಬಿಟ್ಟರಲ್ಲ ಎನಿಸಿತು. ಅಟ್ಟಣಿಗೆ ಹತ್ತಿದೆ. ಗಾಜನ್ನು ಸೆರಗಿನಿಂದ ಒರೆಸಿ, ವಿಭೂತಿಯನ್ನು ನೀರಲ್ಲಿ ಕಲಸಿ, ಲಿಂಗಕ್ಕೆ ಬಳಿಯುವಂತೆ ದಪ್ಪಗೆ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟೆ. ನೋಡಲು ಬಹಳ ಚೆನ್ನಾಗಿತ್ತು. ತಮ್ಮನ ಕೆಲಸ ಕಾಯಂ ಆಗಲಿ ಎಂದು ಕೈಮುಗಿದು ಇಳಿದೆ.

ಮಧ್ಯಾಹ್ನದ ಪಾಳಿಗೆ ತಮ್ಮ ಬಂದ. ಕುಲುಮೆ ತಣ್ಣಗಾಗುತ್ತಿದೆ, ಕಲ್ಲಿದ್ದಲು ಹಾಕು ಎಂದಿತು ಯಂತ್ರ. ಹಾಕಿದ. ಇನ್ನೂ ತಣ್ಣಗಿದೆ, ಇನ್ನೂ ಹಾಕು ಎಂದಿತು. ಇನ್ನೂ ಹಾಕಿದ. ಸಂಜೆ ಹೊತ್ತಿಗೆ ಕುಲುಮೆಯ ಹೊರಮೈ ಒಂದು ಕಡೆ ಕೆಂಡವಾಗಿ, ಕೂಲಿಯವರು ಕೂಗುತ್ತ ಓಡಿಬಂದರು. ಪರದೆ ಮಾತ್ರ ಕುಲುಮೆಗೆ ಚಳಿ ಎನ್ನುತ್ತಲೇ ಇತ್ತು.

ಎಲ್ಲರೂ ಕುಲುಮೆಯ ಕಡೆ ಓಡಿದರು. ನಾನು ಕತ್ತೆತ್ತಿದೆ. ಅಟ್ಟಣಿಗೆಯ ಮೇಲೆ ಆ ಕಣ್ಣು ವಿಭೂತಿ ಬಳಿದುಕೊಂಡು ಧ್ಯಾನಕ್ಕೆ ಕೂತಂತಿತ್ತು. ಕಣ್ಣಿಲ್ಲದಿದ್ದರೆ ಕಂಪ್ಯೂಟರ್ ಕುರುಡು ಎಂಬ ಮಾತು ಆಗ ನೆನಪಾಯಿತು. ಮೇಲೆ ಹತ್ತಿ, ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದೆ. ಗಾಜು ಹೊಳೆಯಿತು. ಅದೇ ಕ್ಷಣ ಎಸಿ ಕೋಣೆಯಲ್ಲಿ ಅಂಕಿ ಜಿಗಿದು ಸೈರನ್ ಕೂಗಿತು. ನಾನು ಕೆಳಗಿಳಿದು ಬಟ್ಟೆಯನ್ನು ಬಕೆಟಿನಲ್ಲಿ ಹಿಂಡಿದೆ. ನೀರು ಕೆಂಪಾಯಿತು. ನಮ್ಮ ಫ್ಯಾಕ್ಟರಿಯಲ್ಲಿ ಯಾವ ಬಕೆಟಿನ ನೀರು ಕೆಂಪಿರಲಿಲ್ಲ? ಯಾರೂ ಕೇಳಲಿಲ್ಲ.

ಕುಲುಮೆ ನಿಂತಿತು. ಒಳಗೆಲ್ಲ ಕರಗಿ ಬಂಡೆಯಾಗಿ ಅಂಟಿಕೊಂಡಿದ್ದನ್ನು ಕೂಲಿಯವರು ಹಾರೆ ಹಿಡಿದು ವಾರಗಟ್ಟಲೆ ಒಡೆದರು.

ವಿಚಾರಣೆ ಎಸಿ ಕೋಣೆಯಲ್ಲೇ ನಡೆಯಿತು. ಚಹ ಕೊಡಲು ನಾನಿದ್ದೆ. ಇಂಜಿನಿಯರ್ ಕಣ್ಣನ್ನು ಪರೀಕ್ಷೆ ಮಾಡಿದ್ದರು, ಅದು ಚೊಕ್ಕಟವಾಗಿತ್ತು. ಅವರ ತರ್ಕ ನೇರವಾಗಿತ್ತು. ಕಣ್ಣು ಸರಿಯಿದೆ, ಅಂದರೆ ಕುಲುಮೆ ಆಗ ನಿಜವಾಗಿ ತಣ್ಣಗಾಗಿತ್ತು. ತಣ್ಣಗಾಗಿತ್ತು ಅಂದರೆ ಯಂತ್ರದ ಸಲಹೆ ಸರಿ. ಸಲಹೆ ಸರಿಯಿದ್ದೂ ಕುಲುಮೆ ಉರಿದುಹೋಯಿತು ಅಂದರೆ, ಈ ಹುಡುಗ ಹೇಳಿದ್ದಕ್ಕಿಂತ ಹೆಚ್ಚು ತಿರುವಿದ್ದಾನೆ. ಇವನು ಎಷ್ಟು ತಿರುವಿದ ಎಂಬ ದಾಖಲೆ ಇದೆಯೇ ಎಂದು ಮ್ಯಾನೇಜರ್ ಕೇಳಿದರು. ಇರಲಿಲ್ಲ. ಬುದ್ಧಿವಂತ ಯಂತ್ರ ತಾನು ಹೇಳಿದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಿತ್ತು, ಕೇಳಿದವನು ಏನು ಮಾಡಿದ ಎಂಬುದನ್ನಲ್ಲ. ಈ ವಿಷಯದಲ್ಲಿ ಅದು ಪೂರ್ತಿ ಮನುಷ್ಯನಂತೆಯೇ ಇತ್ತು.

“ಸರ, ಅದು ಹೇಳಿದಷ್ಟೇ ತಿರುವೀನ್ರಿ,” ಎಂದ ತಮ್ಮ. “ಅಂಕಿ ಒಮ್ಮಿಂದೊಮ್ಮೆಲೆ ಜಿಗೀತ್ರಿ.”

ಅಂಕಿಗಳು ಸುಮ್ಮನೆ ಜಿಗಿಯುವುದಿಲ್ಲ ಎಂದರು ಇಂಜಿನಿಯರ್. ಆಗ ಮ್ಯಾನೇಜರ್ ನನ್ನ ಕಡೆ ತಿರುಗಿದರು. “ಅವತ್ತು ನೀ ಅಲ್ಲೇ ಗುಡಿಸ್ತಿದ್ದೆಯಲ್ಲಮ್ಮ. ಆ ಕಣ್ಣಿನ ಹತ್ರ ಯಾರಾದ್ರೂ ಹೋಗಿದ್ರೇನು?”

ತಮ್ಮ ನನ್ನನ್ನೇ ನೋಡುತ್ತಿದ್ದ. ಅಕ್ಕ ಇದ್ದಾಳೆ ಎಂಬ ಧೈರ್ಯ ಅವನ ಮುಖದಲ್ಲಿತ್ತು.

“ಇಲ್ರೀ ಸರ. ಯಾರೂ ಹೋಗಿಲ್ಲ,” ಎಂದೆ.

ನನ್ನ ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ನಿಜ. ಪೊಲೀಸರು ಬರುತ್ತಾರೆಂಬ ಹೆದರಿಕೆಯೂ ಇತ್ತು. ಆದರೆ ನಿನಗೆ ತಿಳಿಯುವುದಿಲ್ಲ ಎಂದವನೆದುರು, ನನಗೆ ತಿಳಿಯದೆ ಹೀಗಾಯಿತು ಎಂದು ಹೇಳಲು ನಾಲಿಗೆ ಏಳಲಿಲ್ಲ. ಎಲ್ಲಕ್ಕಿಂತ ದೊಡ್ಡದು ಅದೇ ಇತ್ತೇನೋ.

ತಪ್ಪು ಮನುಷ್ಯನದೇ ಎಂದು ತೀರ್ಮಾನವಾಯಿತು. ಅದು ಸರಿಯಾಗಿಯೇ ಇತ್ತು, ಮನುಷ್ಯ ಮಾತ್ರ ಬೇರೆ. ತಮ್ಮನನ್ನು ಮನೆಗೆ ಕಳಿಸಿದರು. ಮ್ಯಾನೇಜರರು ಮಾತ್ರ ಒಳಗೊಳಗೇ ಇದು ದೃಷ್ಟಿಯೆಂದೇ ನಂಬಿದ್ದರು. ಆಯುಧಪೂಜೆಯಲ್ಲಿ ಏನೋ ಕಡಿಮೆಯಾಗಿದೆ ಎಂದು ಮತ್ತೊಂದು ಪೂಜೆ ಇಡಿಸಿ, ಅಲಂಕಾರ ಚೆನ್ನಾಗಿ ಮಾಡುತ್ತಾಳೆಂದು ನನ್ನನ್ನೇ ಕರೆದರು. ದೀಪಾವಳಿ ಕಳೆದ ಮೇಲೆ ಕಾಯಂ ಆದದ್ದು ನಾನು, ಕಸ ಗುಡಿಸುವವರ ಮೇಲಿನ ಮೇಸ್ತ್ರಿಯಾಗಿ. ತಮ್ಮ ಸಂತೋಷಪಟ್ಟ. “ನಮ್ಮಿಬ್ಬರಾಗ ಒಬ್ಬರಿಗಾದ್ರೂ ಆತಲ್ಲ,” ಎಂದ.

ಅವನು ಕಂಪ್ಲಿಯ ಕಡೆ ಹೋದ. ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಹಿಡಿದು, ಎಮ್ಮಿಗನೂರಿನಲ್ಲಿ ಮದುವೆಯಾಗಿ ಅಲ್ಲೇ ನಿಂತ. ಕೆಲವು ವರ್ಷಕ್ಕೆ ಉಕ್ಕಿನ ಬೆಲೆ ಬಿದ್ದು ನಮ್ಮ ಫ್ಯಾಕ್ಟರಿ ಬಾಗಿಲು ಹಾಕಿತು. ಅದು ಬೀಳುತ್ತದೆಂದು ಜೋಯಿಸರು ಹೇಳಿರಲಿಲ್ಲ. ಕೆಲಸವಿಲ್ಲದೆ ನಾನು ತಮ್ಮನ ಮನೆಗೆ ಹೋಗಿ ನಾಲ್ಕು ದಿನ ಇದ್ದೆ.

ಅಲ್ಲಿ ಒಂದು ಸಂಗತಿ ನೋಡಿದೆ. ಬೆಳಿಗ್ಗೆ ಚಹ ಮಾಡಿ ಗ್ಯಾಸ್ ಆರಿಸಿದ ಮೇಲೆ ಅವನು ಹೆಂಡತಿಯನ್ನು ಕರೆಯುತ್ತಿದ್ದ. “ಸರಿ ತಿರುವೀನೇನು ನೋಡು.” ಅವಳು ಬಂದು ನೋಡಿ ಹ್ಞೂಂ ಎನ್ನುತ್ತಿದ್ದಳು. ನಲ್ಲಿ ನಿಲ್ಲಿಸಿದರೂ ಹಾಗೆಯೇ, ಬಾಗಿಲಿಗೆ ಬೀಗ ಹಾಕಿದರೂ ಹಾಗೆಯೇ. ಗಿರಣಿಯಲ್ಲಿ ಸ್ವಿಚ್ಚಿನ ಹತ್ತಿರ ಅವನು ಹೋಗುವುದಿಲ್ಲ, ಚೀಲ ಹೊಲಿಯುವ ಕೆಲಸ ಕೇಳಿ ಪಡೆದಿದ್ದಾನೆ ಎಂದು ಅವಳೇ ಹೇಳಿದಳು. ಇದೇನು ಚಟ ಎಂದು ನಾನು ಅವನನ್ನು ಕೇಳಿದೆ.

“ಚಟ ಅಲ್ಲಕ್ಕ. ಅವತ್ತು ನಾನೇ ಜಾಸ್ತಿ ತಿರುವಿರಬೇಕು. ಇಲ್ಲಂದ್ರ ಹಂಗ್ಯಾಕ ಆಕ್ಕಿತ್ತು? ನನ್ನ ಕೈ ಏನ್ ಮಾಡ್ತದಂತ ನನಗ ಗೊತ್ತಾಗಂಗಿಲ್ಲ.”

ಅವನ ಕೆಲಸ ಹೋದದ್ದಕ್ಕೆ ನಾನು ಅಳುತ್ತಿದ್ದೆ, ಬೇರೆ ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವನು ಯಂತ್ರದ ಮಾತನ್ನು ನಂಬಿ ತನ್ನ ಕೈ ಮೇಲಿನ ನಂಬಿಕೆಯನ್ನೇ ಬಿಟ್ಟುಕೊಟ್ಟಿದ್ದ. ಅದು ನನಗೆ ತಿಳಿದಿರಲಿಲ್ಲ.

ಅಂಗಳದಲ್ಲಿ ಕೂತು ಅವನಿಗೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವನು ತನ್ನ ಬಲಗೈಯನ್ನು ಮಗ್ಗುಲು ತಿರುವಿ ತಿರುವಿ ನೋಡಿಕೊಂಡ. ಬಯ್ಯಲಿ ಎಂದು ಕಾದೆ, ಬಯ್ಯಲಿಲ್ಲ. ಒಳಗಿದ್ದ ಹೆಂಡತಿಯನ್ನು ಕರೆದ.

“ಇಲ್ಲಿ ಬಾ. ನಮ್ಮಕ್ಕ ಏನೋ ಹೇಳ್ತಾಳ, ಕುಂತು ಕೇಳು.”

ಎರಡನೆಯ ಸಲ ಹೇಳುವುದು ಬಹಳ ಕಷ್ಟ. ಯಂತ್ರದ ಕಣ್ಣಿಗೆ ವಿಭೂತಿ ಬಳಿದದ್ದನ್ನು ಹೇಳುವಾಗ ಅವಳು ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ಅಲ್ಲಿಗೇ ನಿಲ್ಲಿಸಿದೆ. ತಿಳಿಯದ ಹೆಂಗಸು ಮಾಡಿದ ಪೆದ್ದುತನ ಎಂದು ಉಳಿದರೆ ಸಾಕಿತ್ತು ನನಗೆ.

“ಒರೆಸಿದ್ದೂ ಹೇಳಕ್ಕ,” ಎಂದ ತಮ್ಮ. “ಅವರು ಕೇಳಿದಾಗ ಏನಂದಿ, ಅದನ್ನೂ ಹೇಳು.”

ಹೇಳಿದೆ. ಅವಳು ನನ್ನನ್ನು ನೋಡುವುದು ಬಿಟ್ಟು ಗಂಡನನ್ನು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು. ಚಹ ಕುದಿದ ವಾಸನೆ ಬಂದಾಗ, ಬಂದು ಆರಿಸು ಎಂದು ಅಲ್ಲಿಂದಲೇ ಅವನನ್ನು ಕರೆದಳು. ಅವಳು ಹೊರಗೆ ಬಂದಳು, ತಮ್ಮ ಎದ್ದು ಒಳಗೆ ಹೋದ. ಆರಿಸಿದ. ಈ ಸಲ ಅವನು ಕರೆಯುತ್ತಾನೇನೋ ಎಂದು ನಾವಿಬ್ಬರೂ ಕಾದೆವು.

ಕರೆದ. ಆದರೆ ಅವಳನ್ನಲ್ಲ, ನನ್ನನ್ನು. “ಅಕ್ಕಾ, ನೀ ಬಂದು ನೋಡು.”

ಹೋಗಿ ನೋಡಿದೆ. ಸರಿಯಾಗಿ ತಿರುವಿದ್ದ. ಹಾಗೆಂದು ಹೇಳಿದೆ. ನಾನು ಹೇಳಿದ್ದನ್ನು ಅವನು ನಂಬಿದನೋ ಇಲ್ಲವೋ, ಮುಖ ನೋಡಿ ತಿಳಿಯಲಿಲ್ಲ.