ಉದುರದ ಕೊಂಬು

ಅಪ್ಪನ ದವಡೆಯ ಊತಕ್ಕೆ ಜಿಂಕೆ ಕೊಂಬು ತೇಯ್ದು ಹಚ್ಚಬೇಕು ಅಂತ ಹೇಳಿದವಳು ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಅವಳ ಪ್ರಕಾರ ಅದು ಗದ್ದಕಟ್ಟು. ಮಕ್ಕಳಿಗೆ ಕೆನ್ನೆ ಊದಿಕೊಂಡು ಬಂದು ಹೋಗುತ್ತದಲ್ಲ, ಅದು. ಮೊಮ್ಮಕ್ಕಳನ್ನು ಕಂಡ ಗಂಡಸಿಗೆ ಗದ್ದಕಟ್ಟು ಎಲ್ಲಿಂದ ಬರಬೇಕು ಎಂದು ನನಗೆ ರೇಗಿತು. ಮೈಸೂರಿನ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಇದು ಹೊಗೆಸೊಪ್ಪಿನಿಂದ ಬಂದ ಕ್ಯಾನ್ಸರು, ಗಂಟಲಿಗೂ ಇಳಿದಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದಿದ್ದರು. ಅಷ್ಟು ಓದಿದವರೇ ಕೈಚೆಲ್ಲಿದ ಮೇಲೆ ದೊಡ್ಡಮ್ಮನ ಬಾಯಿ ಮುಚ್ಚಿಸಲು ನನ್ನ ಹತ್ತಿರ ಏನಿತ್ತು?

ಇದು ತೊಂಬತ್ತರ ದಶಕದ ಮಾತು. ಗಂಜಾಂನ ಗಂಡನ ಮನೆಯಿಂದ ನಾನು ಪಾಂಡವಪುರದ ಹತ್ತಿರದ ನಮ್ಮೂರಿಗೆ ಬಂದು ಕೂತಿದ್ದೆ. ಬೆಳಗ್ಗೆ ರಾಗಿ ಗಂಜಿ ಸೋಸಿ ಕುಡಿಸುವುದು, ಆಮೇಲೆ ಅಪ್ಪನ ಮುಖ ನೋಡುತ್ತಾ ಕೂರುವುದು, ಇಷ್ಟೇ ನನ್ನ ಕೆಲಸ. ಅಪ್ಪನಿಗೆ ನಾನು ನಿಜ ಹೇಳಿರಲಿಲ್ಲ. ಹಸುವಿನ ಕಾಲಿಗೆ ಮುಳ್ಳು ಹೊಕ್ಕರೆ ಕೀಳಬಹುದು. ಇದಕ್ಕೆ ಮಾಡುವಂಥದ್ದು ಏನೂ ಇರಲಿಲ್ಲ. ಅಳುವಿಗಿಂತ ಮೊದಲು ಸಿಟ್ಟು ಬರುತ್ತಿತ್ತು, ಅದನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

"ಕೊಂದಿರೋದ್ ಗಿಂದಿರೋದ್ ತಂದ್ಬುಟ್ಟೀಯ! ತಾನಾಗ್ ಉದ್ರಿರೋ ಕೊಂಬೇ ಆಗ್ಬೇಕು. ಇಲ್ದಿದ್ರೆ ನೋವು ಇನ್ನೂ ಜಾಸ್ತಿ ಆಯ್ತದೆ" ಅಂದಳು ದೊಡ್ಡಮ್ಮ.

ನಾಗಮಂಗಲದ ಕಡೆಯ ಕುರುಚಲು ಗುಡ್ಡಗಳಲ್ಲಿ ಜಿಂಕೆ ಓಡಾಡುತ್ತವೆ ಅಂತ ಬಸ್ಸಿನಲ್ಲಿ ಯಾರೋ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಸುಮ್ಮನೆ ಕೂತು ಹುಚ್ಚು ಹಿಡಿಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಹೊರಟೆ. ನೋಡಿದರೆ ಅಪ್ಪ ದವಡೆಗೆ ಟವೆಲ್ಲು ಸುತ್ತಿಕೊಂಡು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನಾನೂ ಬತ್ತೀನಿ ನಡಿಯವ್ವ. ಕೊಂಬು ಯಾವ್ದು, ಒಣಗಿದ್ ಕೊಂಬೆ ಯಾವ್ದು ಅಂತ ನಿಂಗೆ ಗೊತ್ತಾಯ್ತದಾ?"

ಅವನು ಹೇಳಿದ ಹಾಗೆಯೇ ಆಯಿತು. ಬಸ್ಸಿಳಿದು ಗುಡ್ಡ ಹತ್ತಿದ ಮೇಲೆ ಲಂಟಾನದ ಪೊದೆಗಳಡಿ ನನಗೆ ಕಂಡಿದ್ದೆಲ್ಲ ಕೊಂಬೇ. ಓಡಿಹೋಗಿ ಎತ್ತಿದರೆ ಒಣ ಕೊಂಬೆ. ಅಪ್ಪನಿಗೆ ನಗು ಬಂದು, ನಕ್ಕರೆ ನೋವಾಗಿ, ದವಡೆ ಹಿಡಿದುಕೊಂಡು ಕಣ್ಣಲ್ಲೇ ನಕ್ಕ. ಎಷ್ಟೋ ದಿನಗಳ ಮೇಲೆ ಅವನು ನಕ್ಕಿದ್ದು ಅವತ್ತೇ.

ಬಿಸಿಲೇರಿದಾಗ ಕುರಿ ಮೇಯಿಸುವವನೊಬ್ಬ ಎದುರಾದ. ಏನು ಹುಡುಕುತ್ತಿದ್ದೀರಿ ಅಂದ. ಹೇಳಿದೆ.

"ಜಿಂಕೆ ಅವೆ ಕಣಕ್ಕ. ಆದ್ರೆ ಇಲ್ಲಿರೋವು ತಿರುಚ್ಕಂಡಿರೋ ಕೊಂಬಿನವು, ಅವು ಉದ್ರೋದೇ ಇಲ್ಲ. ಉದ್ರೋದು ಚುಕ್ಕೆ ಜಿಂಕೇದು. ಅವು ಈ ಕಡೆ ಇಲ್ಲ."

ಚುಕ್ಕೆಯದಾಗಲಿ, ತಿರುಚಿದ ಕೊಂಬಿನ ಹುಲ್ಲೆಯಾಗಲಿ, ನಮ್ಮೂರಲ್ಲಿ ಎರಡಕ್ಕೂ ಜಿಂಕೆ ಅಂತ ಒಂದೇ ಹೆಸರು. ಆ ಹೆಸರನ್ನು ನಂಬಿಕೊಂಡು ನಾನು ನಡೆಯಲಾರದ ಮನುಷ್ಯನನ್ನು ಗುಡ್ಡ ಹತ್ತಿಸಿದ್ದೆ. ಇಲ್ಲಿ ಕೊಂಬು ಸಿಗಬೇಕಾದರೆ ಪ್ರಾಣಿಯೇ ಸಾಯಬೇಕು. ಬಂಡೆಯ ಮೇಲೆ ಕೂತು ಅತ್ತುಬಿಟ್ಟೆ. ದೊಡ್ಡಮ್ಮನ ಮದ್ದನ್ನು ನಾನು ನಂಬುವವಳಲ್ಲ ಅಂದುಕೊಂಡಿದ್ದೆ. ಎಷ್ಟು ನಂಬಿದ್ದೆ ಅಂತ ಆಗಲೇ ನನಗೆ ತಿಳಿದದ್ದು. ಕುರಿಯವನು ಪೆಚ್ಚಾಗಿ, ಮಂದೆ ಹೊಡೆದುಕೊಂಡು ಇಳಿದುಹೋದ.

"ಬಾರಪ್ಪ, ಮನೆಗೋಗಾನ" ಅಂದೆ.

ಅಪ್ಪ ನನ್ನ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಕಿವಿಗೇನೂ ಆಗಿರಲಿಲ್ಲ. ಆದರೂ ಕೋಲಿನಿಂದ ಮುಂದಿನ ಪೊದೆ ಸರಿಸಿ, ಬಗ್ಗಿ ನೋಡಿದ.

"ಮನೆಗೋಗಿ ಏನ್ ಮಾಡಾನವ್ವ? ಇನ್ನೊಂದ್ ಗುಡ್ಡ ಅದೆ, ಅದ್ನೂ ನೋಡ್ಬುಡಾನ."

ಕಣ್ಣೊರೆಸಿಕೊಂಡು ಅವನ ಹಿಂದೆ ನಡೆದೆ.

"ನೀನ್ ಆ ಕಡೆ ಪೊದೆ ನೋಡು" ಅಂದ.

ನಾನು ಬಗ್ಗಿ ನೋಡಿದೆ.